ನಮ್ಮೊಂದಿಗೆ ನಿಂತ ಲಿಫ್ಟು

ಇವರಿಗೆ:
ಮಾನ್ಯ ಮುಖ್ಯಾಧಿಕಾರಿಗಳು,
ಗ್ರಾಹಕ ಸಂಬಂಧ ಮತ್ತು ಜಾಗತಿಕ ಸಹಾನುಭೂತಿ ವಿಭಾಗ,
ಲಿಫ್ಟ್ ಕಂಪನಿಯ ಪ್ರಧಾನ ಕಚೇರಿ, ನಲವತ್ತೊಂದನೇ ಮಹಡಿ.

ಪ್ರತಿಗಳು: ನಮ್ಮ ಎಲ್ಲ ಮಿತ್ರರಾಷ್ಟ್ರಗಳ ಸರ್ಕಾರಗಳಿಗೆ, ಅವರವರ ಕಳವಳದ ಗಾತ್ರಕ್ಕೆ ತಕ್ಕ ಅಳತೆಯ ಲಕೋಟೆಯಲ್ಲಿ.

ವಿಷಯ: ನಮ್ಮ ಕಟ್ಟಡದ ಲಿಫ್ಟು ನಮ್ಮೊಂದಿಗೆ ನಿಂತಿರುವ ಬಗ್ಗೆ, ಮತ್ತು ನನ್ನ ಅಕ್ಕ ಎಂಟನೇ ಮಹಡಿಯಿಂದ ತಮ್ಮ ಅನುಮತಿಯಿಲ್ಲದೆ ಕೆಳಗಿಳಿದ ಬಗ್ಗೆ ತಾವು ಕಳಿಸಿದ ನೋಟೀಸಿಗೆ ಉತ್ತರ.

ಮಾನ್ಯರೇ,

ಅನೇಕ ವಂದನೆಗಳು. ತಾವು, ತಮ್ಮ ಕುಟುಂಬದವರು ಹಾಗೂ ತಮ್ಮ ನಲವತ್ತೊಂದನೇ ಮಹಡಿ ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ಇದರ ಮುಂದೆ ‘ನಾವೂ ಇಲ್ಲಿ ಕ್ಷೇಮ’ ಎಂದು ಬರೆಯುವುದು ಪದ್ಧತಿ. ಆದರೆ ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿ ನಿವೃತ್ತನಾದ ನನಗೆ, ತಪ್ಪೆಂದು ಗೊತ್ತಿದ್ದೂ ಒಂದು ವಾಕ್ಯವನ್ನು ಹಾಗೆಯೇ ಬಿಟ್ಟು ಅಭ್ಯಾಸವಿಲ್ಲದ ಕಾರಣ ಆ ಸಾಲನ್ನು ಕೈಬಿಟ್ಟಿದ್ದೇನೆ. ಮನ್ನಿಸಬೇಕು.

ನಾನು ನದಿಯಿಂದ ಎರಡನೇ ಬೀದಿಯಲ್ಲಿರುವ ಎಂಟು ಮಹಡಿಯ ಕಟ್ಟಡವೊಂದರ ನಿವಾಸಿಗಳ ಸಂಘದ ಕಾರ್ಯದರ್ಶಿ. ಸಂಘಕ್ಕೆ ಬರುವ ಕಾಗದಗಳನ್ನು ಕೊನೆಯ ಸಾಲಿನವರೆಗೆ ಓದುವವನು ಇಡೀ ಕಟ್ಟಡದಲ್ಲಿ ನಾನೊಬ್ಬನೇ ಎಂಬುದೇ ಈ ಹುದ್ದೆಗೆ ನನ್ನ ಅರ್ಹತೆ. ಹೋದ ಮಂಗಳವಾರ ತಮ್ಮ ನೋಟೀಸು ತಲುಪಿತು. ಅದನ್ನು ಕೊನೆಯ ಸಾಲಿನವರೆಗೆ ಓದಿದೆ, ಮತ್ತೊಮ್ಮೆ ಓದಿದೆ, ಆಮೇಲೆ ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದೆ. ನಮ್ಮ ಲಿಫ್ಟು ಕೆಟ್ಟು ನಿಂತ ನಲವತ್ತೆರಡು ದಿನ ತಮ್ಮ ಕಡೆಯಿಂದ ಒಬ್ಬ ಮನುಷ್ಯನ ಧ್ವನಿಯನ್ನೂ ಕೇಳಲಾಗದ ನಮಗೆ, ಅದು ಒಮ್ಮೆ ಚಲಿಸಿದ ಆರೇ ನಿಮಿಷದಲ್ಲಿ ತಮ್ಮ ಎಚ್ಚರಿಕೆಯ ಸಂದೇಶ ಬಂದದ್ದನ್ನು ಕಂಡು ತಮ್ಮ ಚುರುಕುತನದ ಮೇಲೆ ಅಪಾರ ಗೌರವ ಮೂಡಿದೆ. ಆ ಗೌರವವನ್ನು ಸವಿಸ್ತಾರವಾಗಿ ನಿವೇದಿಸಿಕೊಳ್ಳುವುದೇ ಈ ಪತ್ರದ ಉದ್ದೇಶ.

ಮೊದಲು ನನ್ನ ಅಕ್ಕನನ್ನು ಪರಿಚಯಿಸುತ್ತೇನೆ, ಏಕೆಂದರೆ ತಮ್ಮ ನೋಟೀಸಿನಲ್ಲಿ ಆಕೆಯನ್ನು ‘ಅನಧಿಕೃತ ಭಾರ’ ಎಂದು ಕರೆಯಲಾಗಿದೆ. ಅಕ್ಕ ಇಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೆಂಟು ವರ್ಷ ನರ್ಸ್ ಆಗಿದ್ದವಳು. ಊರಿನ ಅರ್ಧದಷ್ಟು ಜನರನ್ನು ಹುಟ್ಟಿದ ತಕ್ಷಣ ಕಾಲು ಹಿಡಿದು, ತಲೆಕೆಳಗು ಮಾಡಿ, ಬೆನ್ನು ತಟ್ಟಿ ಅಳಿಸಿದವಳಾದ್ದರಿಂದ ನಗರಸಭೆಯ ಅಧ್ಯಕ್ಷರನ್ನೂ ಏಕವಚನದಲ್ಲೇ ಮಾತನಾಡಿಸುತ್ತಾಳೆ. ಅವರೂ ಏನೂ ಅಂದುಕೊಳ್ಳುವುದಿಲ್ಲ. ಊರೆಲ್ಲ ಆಕೆಯನ್ನು ಸಿಸ್ಟರ್ ಎನ್ನುತ್ತದೆ. ಹೋದ ವರ್ಷ ಸೊಂಟದ ಮೂಳೆ ಮುರಿದು ಗಾಲಿಕುರ್ಚಿಗೆ ಬಂದಳು. ಎಂಟನೇ ಮಹಡಿಯಲ್ಲಿ ನನ್ನ ಮನೆಯ ಎದುರು ಮನೆ ಅವಳದು. ಆಕೆಯ ತೂಕದ ವಿಷಯ ಇಲ್ಲಿ ಬರೆದರೆ ಈ ಪತ್ರವನ್ನು ತಮಗೆ ಮುಟ್ಟುವ ಮೊದಲೇ ಹರಿದು ಹಾಕುತ್ತಾಳಾದ್ದರಿಂದ, ಭಾರ ಎಂಬ ತಮ್ಮ ಪದದಲ್ಲಿ ಸತ್ಯಾಂಶವಿಲ್ಲದಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನೆರೆದೇಶದ ಸೈನ್ಯ ಒಂದು ಗುರುವಾರ ಬೆಳಿಗ್ಗೆ ಸೇತುವೆ ದಾಟಿ ನಮ್ಮ ಊರಿಗೆ ನುಗ್ಗಿತು. ಇದನ್ನು ಇಷ್ಟು ಸರಳವಾಗಿ ಬರೆಯಬಹುದೆಂದು ತಮಗೆ ಆಶ್ಚರ್ಯವಾಗಬಹುದು. ಏಕೆಂದರೆ ಅದೇ ವಾರ ತಾವು ಹೊರಡಿಸಿದ ಮೊದಲ ಹೇಳಿಕೆಯಲ್ಲಿ ‘ಈ ಪ್ರದೇಶದಲ್ಲಿ ಪರಿಸ್ಥಿತಿಯೊಂದು ಉಂಟಾಗಿದೆ’ ಎಂದಿತ್ತು. ಎರಡನೆಯದರಲ್ಲಿ ‘ಗಡಿಯು ದಾಟಲ್ಪಟ್ಟಿದೆ, ಕೆಲವು ಕಟ್ಟಡಗಳು ಹಾನಿಗೊಳಗಾಗಿವೆ’ ಎಂದಿತ್ತು. ಹಳೆಯ ಚಟ, ಕೈಗೆ ತಾನಾಗಿ ಕೆಂಪು ಪೆನ್ನು ಬಂತು. ಅಂಚಿನಲ್ಲಿ ‘ಕರ್ತೃಪದ ಎಲ್ಲಿ?’ ಎಂದು ಬರೆದೆ. ಗಡಿ ದಾಟಲ್ಪಟ್ಟಿತು, ಸರಿ, ಆದರೆ ಯಾರಿಂದ? ಕರ್ಮಣಿ ಪ್ರಯೋಗದ ಅನುಕೂಲವೆಂದರೆ ಕಳ್ಳನ ಹೆಸರೆತ್ತದೆ ಕಳ್ಳತನದ ಬಗ್ಗೆ ಮರುಗಬಹುದು. ಮಿತ್ರ ಸರ್ಕಾರಗಳ ಹೇಳಿಕೆಗಳನ್ನೂ ತರಿಸಿ ಓದಿದೆ. ಅವುಗಳಲ್ಲಿ ಮೊದಲ ದಿನ ಕಳವಳ, ಮೂರನೇ ದಿನ ತೀವ್ರ ಕಳವಳ, ಐದನೇ ದಿನ ಅತ್ಯಂತ ತೀವ್ರ ಕಳವಳ ಎಂದು ವಿಶೇಷಣಗಳು ಹೆಗಲ ಮೇಲೆ ಹೆಗಲೇರಿ ನಿಂತಿದ್ದವೇ ಹೊರತು ಕರ್ತೃ ಮಾತ್ರ ಅಲ್ಲೂ ನಾಪತ್ತೆ. ಒಂದು ಸರ್ಕಾರ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, ಎರಡೂ ಕಡೆಯವರು ಸಂಯಮ ಪಾಲಿಸಬೇಕೆಂದು ಕೋರಿತ್ತು. ಆ ಹೊತ್ತಿಗೆ ನಮ್ಮ ಕಡೆಯವರು, ಎಂದರೆ ನಾನು, ಅಕ್ಕ, ಐದನೇ ಮಹಡಿಯ ಬಸ್ ಚಾಲಕ, ಆರನೇ ಮಹಡಿಯ ಹಲ್ಲಿನ ಡಾಕ್ಟರು, ನೆಲಮಹಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹೆಂಗಸು, ಎಲ್ಲರೂ ಪರದೆ ಎಳೆದು ಮನೆಯೊಳಗೆ ಸಂಯಮದಿಂದಲೇ ಕುಳಿತಿದ್ದೆವು.

ಒಂಬತ್ತನೇ ದಿನ ತಮ್ಮ ಮೂರನೇ ಹೇಳಿಕೆ ಬಂತು, ಅದೂ ನೇರವಾಗಿ ನಮ್ಮ ಲಿಫ್ಟಿನೊಳಕ್ಕೆ. ಮಹಡಿಯ ಸಂಖ್ಯೆ ತೋರಿಸುವ ಪುಟ್ಟ ಪರದೆಯಲ್ಲಿ ಸಂಖ್ಯೆ ಮಾಯವಾಗಿ, ತಮ್ಮ ಕಂಪನಿಯ ಗುರುತು ನಮ್ಮ ಬಾವುಟದ ಬಣ್ಣ ಹೊದ್ದುಕೊಂಡು ಮೂಡಿತು. ಬಣ್ಣಗಳು ಮೇಲೆ ಕೆಳಗಾಗಿದ್ದರಿಂದ ಅದು ಬೇರೊಂದು ದೇಶದ ಬಾವುಟವಾಗಿತ್ತು, ಇರಲಿ, ಅವರಿಗೂ ಒಂದು ದಿನ ಬೇಕಾಗಬಹುದು. ಕೆಳಗೆ ಸುಂದರವಾದ ಅಕ್ಷರಗಳಲ್ಲಿ ಒಂದು ಸಾಲು: ‘ನಾವು ನಿಮ್ಮೊಂದಿಗೆ ನಿಂತಿದ್ದೇವೆ.’ ಮರುಕ್ಷಣವೇ ಲಿಫ್ಟು ನಾಲ್ಕು ಮತ್ತು ಐದನೇ ಮಹಡಿಗಳ ನಡುವೆ ನಿಂತಿತು.

ನಮ್ಮ ಭಾಷೆಯಲ್ಲಿ ನಿಲ್ಲು ಎಂಬ ಒಂದೇ ಕ್ರಿಯಾಪದ ಜೊತೆಗಿರುವುದಕ್ಕೂ ಆಗುತ್ತದೆ, ಸ್ಥಗಿತಗೊಳ್ಳುವುದಕ್ಕೂ ಆಗುತ್ತದೆ. ಕಷ್ಟದಲ್ಲಿ ನಿಂತವನನ್ನು ಹೊಗಳುತ್ತೇವೆ, ಏರಿನಲ್ಲಿ ನಿಂತ ಬಸ್ಸನ್ನು ಬೈಯುತ್ತೇವೆ. ಎರಡೂ ಅರ್ಥಗಳನ್ನು ಒಂದೇ ವಾಕ್ಯದಲ್ಲಿ, ಒಂದೇ ಗಳಿಗೆಯಲ್ಲಿ, ಒಂದೇ ಯಂತ್ರದಿಂದ ಸಾಧಿಸಿದ ಸಂಸ್ಥೆಯನ್ನು ನನ್ನ ಮೂವತ್ತೊಂದು ವರ್ಷದ ವೃತ್ತಿಯಲ್ಲಿ ಕಂಡಿರಲಿಲ್ಲ. ಆಗ ಒಳಗಿದ್ದವರು ಹಲ್ಲಿನ ಡಾಕ್ಟರು. ಎರಡು ಗಂಟೆ ಕಾಲ ಆ ಸಾಲನ್ನೇ ಓದುತ್ತ ಕಳೆದು, ಬಸ್ ಚಾಲಕ ಐದನೇ ಮಹಡಿಯ ಬಾಗಿಲನ್ನು ಕಬ್ಬಿಣದ ಸಲಾಕೆಯಿಂದ ಮೀಟಿ ಕೈಕೊಟ್ಟು ಎಳೆದಾಗ ಮೊಣಕಾಲ ಮೇಲೆ ಹೊರಬಂದರು. ಅಂದಿನಿಂದ ಆ ಸಜ್ಜನರ ಮುಂದೆ ಯಾರಾದರೂ ‘ನಿಮ್ಮೊಂದಿಗೆ ನಾವಿದ್ದೇವೆ’ ಎಂದರೆ ಸಾಕು, ಮೆಟ್ಟಿಲು ಎಲ್ಲಿದೆ ಎಂದು ನೋಡುತ್ತಾರೆ.

ಹೀಗೇಕಾಯಿತೆಂದು ಆಮೇಲೆ ತಿಳಿಯಿತು. ತಮ್ಮ ಸಹಾನುಭೂತಿ ವಿಭಾಗ ನಮ್ಮ ದೇಶದ ಎಲ್ಲ ಲಿಫ್ಟುಗಳಿಗೆ ಆ ಸಂದೇಶ ಕಳಿಸಿತ್ತು. ಅದೇ ಗಂಟೆಗೆ ತಮ್ಮ ಕಾನೂನು ವಿಭಾಗ, ನುಗ್ಗಿದವರಿಗೆ ಬುದ್ಧಿ ಕಲಿಸಲೆಂದು, ಅವರ ವಶದಲ್ಲಿರುವ ಎಲ್ಲ ಊರುಗಳ ಲಿಫ್ಟುಗಳಿಗೆ ದೂರದಿಂದಲೇ ಬೀಗ ಹಾಕಿತ್ತು. ನಮ್ಮ ಊರು ಎರಡೂ ಪಟ್ಟಿಯಲ್ಲಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನು ಹಲವು ಪುಸ್ತಕಗಳಲ್ಲಿ ತಿದ್ದಿದ್ದೇನೆ. ಆ ಎಮ್ಮೆಯ ಹೆಗಲಿಗೆ ಕೈಹಾಕಿ ‘ನಿನ್ನೊಂದಿಗೆ ನಿಂತಿದ್ದೇನೆ’ ಎನ್ನುತ್ತ ಬರೆ ಹಾಕುವುದು ತಮ್ಮ ಕಂಪನಿಯ ಸ್ವಂತ ಸುಧಾರಣೆ.

ಹನ್ನೆರಡನೇ ದಿನ ನಮ್ಮ ಸೈನಿಕರು ಅವರನ್ನು ನದಿಯಾಚೆಗೆ ಅಟ್ಟಿದರು. ಹೋಗುವಾಗ ಅವರು ಸೇತುವೆ ಉರುಳಿಸಿ ಹೋದರು, ಆಚೆ ದಡದಲ್ಲಿ ಕುಳಿತು ಶೆಲ್ ಹಾರಿಸತೊಡಗಿದರು. ಬೆಳಿಗ್ಗೆ ಹತ್ತಕ್ಕೆ ಒಮ್ಮೆ, ಮಧ್ಯಾಹ್ನ ನಾಲ್ಕಕ್ಕೆ ಒಮ್ಮೆ, ಆಫೀಸಿಗೆ ಹೋಗಿ ಬರುವವರ ಹಾಗೆ. ಸೈರನ್ ಕೂಗಿದ ಮೇಲೆ ಶೆಲ್ ಬೀಳಲು ನಾಲ್ಕು ನಿಮಿಷ ಇರುತ್ತದೆ. ನಮ್ಮ ಕಟ್ಟಡದ ನೆಲಮಾಳಿಗೆ ಗಟ್ಟಿಯಾಗಿದೆ, ಅಲ್ಲಿ ಸೇರಿದವರಿಗೆ ಭಯವಿಲ್ಲ. ಲಿಫ್ಟಿನಲ್ಲಿ ಎಂಟನೇ ಮಹಡಿಯಿಂದ ಅಲ್ಲಿಗೆ ಐವತ್ತು ಸೆಕೆಂಡು. ಮೆಟ್ಟಿಲ ಮೇಲೆ ಗಾಲಿಕುರ್ಚಿಗೆ ಎರಡು ಬಿದಿರು ಬೊಂಬು ಕಟ್ಟಿ, ಬಸ್ ಚಾಲಕ, ಹಲ್ಲಿನ ಡಾಕ್ಟರು, ಹೊಲಿಗೆಯ ಹೆಂಗಸು ಮತ್ತು ನಾನು ಅಕ್ಕನನ್ನು ಹೊತ್ತು ಎರಡನೇ ಮಹಡಿಗೆ ಇಳಿಸುವುದಕ್ಕೇ ಹಿಡಿದದ್ದು ಹದಿನೇಳು ನಿಮಿಷ. ಅಷ್ಟರಲ್ಲಿ ಅಪಾಯ ಮುಗಿಯಿತೆಂಬ ಸೈರನ್ ಕೂಗಿತು, ಅಲ್ಲಿಂದಲೇ ತಿರುಗಿ ಮೇಲಕ್ಕೆ ಹೊತ್ತೆವು. ಹೀಗೆ ಮೂರು ದಿನ ನಡೆಯಿತು. ನಾಲ್ಕನೇ ದಿನ ಡಾಕ್ಟರ ಬೆನ್ನು ಹಿಡಿದುಕೊಂಡಿತು, ನನಗೆ ದಮ್ಮು ಕಟ್ಟಿತು. ಅಕ್ಕ ಕುರ್ಚಿಯ ಗಾಲಿಗೆ ಬ್ರೇಕು ಹಾಕಿ, ನಮ್ಮನ್ನೆಲ್ಲ ವಾರ್ಡಿನಲ್ಲಿ ಗಲಾಟೆ ಮಾಡಿದ ನೆಂಟರನ್ನು ನೋಡುವಂತೆ ನೋಡಿ ಹೇಳಿದಳು:

“ನನ್ನ ಹೊತ್ಕೊಂಡು ಮೆಟ್ಟಿಲ ಮೇಲೆ ನೀವು ನಾಲ್ಕು ಜನ ಸಾಯೋದಕ್ಕಿಂತ ನಾನೊಬ್ಳು ಇಲ್ಲೇ ಕೂತಿರ್ತೀನಿ. ಇನ್ನು ಇಳಿದ್ರೆ ಲಿಫ್ಟಲ್ಲೇ ಇಳಿಯೋದು.”

ಕೆಳಗಿನ ಮನೆಗಳಲ್ಲಿ ಇರಿಸಬಾರದಿತ್ತೇ ಎಂದು ತಾವು ಕೇಳಬಹುದು. ನದಿದಂಡೆಯ ಬೀದಿಯಲ್ಲಿ ಮನೆ ಕಳೆದುಕೊಂಡವರು ಆ ಮನೆಗಳಲ್ಲಿ ಕೋಣೆಗೆ ಎಂಟು ಜನರಂತೆ ತುಂಬಿದ್ದಾರೆ. ಹೊಲಿಗೆ ಅಂಗಡಿಯ ಮುಂಭಾಗ ಆಗ ಬರೀ ಗಾಜು. ನೆಲಮಾಳಿಗೆಯಲ್ಲಿ ಪಾಯಿಖಾನೆಯಿಲ್ಲ, ಸೊಂಟ ಮುರಿದವರಿಗೆ ಅದು ಸಣ್ಣ ವಿಷಯವಲ್ಲ. ಆದ್ದರಿಂದ ಸೈರನ್ ಕೂಗಿದಾಗಲೆಲ್ಲ ಅಕ್ಕ ಕಿಟಕಿಗಳಿಂದ ದೂರ, ಬಚ್ಚಲುಮನೆಯ ಬಾಗಿಲಲ್ಲಿ ಕುರ್ಚಿ ನಿಲ್ಲಿಸಿಕೊಂಡು, ಮಡಿಲಲ್ಲಿ ರೇಡಿಯೊ ಇಟ್ಟುಕೊಂಡು ಕೂರುತ್ತಿದ್ದಳು. ನಾನು ಜೊತೆಗೆ ಕೂರಲು ಹೋದರೆ ಬೈದು ಕಳಿಸುತ್ತಿದ್ದಳು. ನಾನು ಇಳಿದು ಹೋಗುತ್ತಿದ್ದೆ. ಮಾನ್ಯರೇ, ಇದನ್ನು ಅಲಂಕಾರವಿಲ್ಲದೆ ಬರೆಯುತ್ತೇನೆ: ಅವಳು ಬೈದಳೆಂದು ಇಳಿದೆನೋ, ನನಗೆ ಭಯವಾಗಿ ಇಳಿದೆನೋ, ನೆಲಮಾಳಿಗೆಯಲ್ಲಿ ಕುಳಿತು ತಲೆಯ ಮೇಲೆ ಒಂಬತ್ತು ಚಾವಣಿಗಳನ್ನು ಎಣಿಸುವಾಗ ನನಗೇ ತಿಳಿಯುತ್ತಿರಲಿಲ್ಲ. ನಾಚಿಕೆಯಾಗುತ್ತಿತ್ತು.

ಹಾಗೆ ನಾಚಿಕೆಯಾದಾಗಲೆಲ್ಲ ತಮಗೆ ಫೋನು ಮಾಡುತ್ತಿದ್ದೆ. ನನ್ನ ಕರೆ ತಮಗೆ ಅಮೂಲ್ಯವೆಂದು ತಮ್ಮ ಯಂತ್ರ ದಿನಕ್ಕೆ ಇಪ್ಪತ್ತು ಸಲ ಹೇಳಿತು. ಲಿಫ್ಟಿನಲ್ಲಿ ಸಿಲುಕಿದ್ದರೆ ಒಂದನ್ನು ಒತ್ತಿ ಎಂದಿತು. ಲಿಫ್ಟಿನ ಹೊರಗೆ ಸಿಲುಕಿದವರಿಗೆ ಯಾವ ಅಂಕಿಯೂ ಇರಲಿಲ್ಲ. ಕೊನೆಗೆ ಬರವಣಿಗೆಯಲ್ಲಿ ಉತ್ತರ ಬಂತು. ನಮ್ಮ ಊರು ತಮ್ಮ ದಾಖಲೆಯಲ್ಲಿ ‘ನಿಯಂತ್ರಣ ಬದಲಾದ ಪ್ರದೇಶ’ವೆಂದು ನಮೂದಾಗಿದೆ, ಅದನ್ನು ತೆಗೆಯಬೇಕಾದರೆ, ಪ್ರದೇಶವನ್ನು ತೆರವು ಮಾಡಿರುವುದಾಗಿ ‘ಕೊನೆಯದಾಗಿ ನಿಯಂತ್ರಣ ಪಡೆದಿದ್ದ ಪ್ರಾಧಿಕಾರ’ದಿಂದ ಒಂದು ನಿರಾಕ್ಷೇಪಣಾ ಪತ್ರ ತರಬೇಕು, ದುಂಡು ಮೊಹರು ಕಡ್ಡಾಯ. ಆ ಪ್ರಾಧಿಕಾರವೆಂದರೆ ಆಚೆ ದಡದಲ್ಲಿ ಕುಳಿತು ನಮ್ಮ ಮೇಲೆ ಶೆಲ್ ಹಾರಿಸುತ್ತಿರುವ ಸೇನಾಧಿಕಾರಿ. ಅವರಿಂದ ನಮ್ಮ ಊರು ನಮ್ಮದಾಗಿರುವುದಕ್ಕೆ ಅಭ್ಯಂತರವಿಲ್ಲವೆಂದು ಬರೆಸಿಕೊಂಡು ಬಂದರೆ ಅಕ್ಕ ಕೆಳಗಿಳಿಯಬಹುದು.

ನಾನು ನಿಯಮಕ್ಕೆ ತಲೆಬಾಗುವ ಮನುಷ್ಯ. ಅರ್ಜಿಯನ್ನು ನಿಜವಾಗಿಯೂ ಬರೆದೆ. ‘ತಾವು ನಮ್ಮ ಊರನ್ನು ಹನ್ನೊಂದು ದಿನ ಉಪಯೋಗಿಸಿ ಬಿಟ್ಟುಹೋದದ್ದಕ್ಕೆ ದೃಢೀಕರಣ ಕೋರಿ’ ಎಂದು ವಿಷಯ ಹಾಕಿ, ಅಡಿಯಲ್ಲಿ ಮೊಹರಿಗೆ ಜಾಗ ಬಿಟ್ಟೆ. ತಲುಪಿಸುವುದು ಹೇಗೆಂದು ಬಸ್ ಚಾಲಕನನ್ನು ಕೇಳಿದಾಗ, ಸೇತುವೆಯಿಲ್ಲದ ಮಾರ್ಗದಲ್ಲಿ ತಾನು ಬಸ್ಸು ಬಿಟ್ಟಿಲ್ಲವೆಂದ. ಅಕ್ಕ ಮಾತ್ರ ಅರ್ಜಿಯನ್ನು ಎರಡು ಸಲ ಓದಿ ವಾಪಸು ಕೊಡುತ್ತ, “ಕಳ್ಳನ ಹತ್ರ ಹೋಗಿ ರಸೀದಿ ಬರೆಸ್ಕೊಂಡು ಬಾ ಅಂತಿದಾರೆ. ಹೋಗು, ಹಾಗೇ ನಾಳೆ ಎಷ್ಟು ಗಂಟೆಗೆ ಹೊಡೀತೀಯಪ್ಪ ಅಂತಾನೂ ಕೇಳ್ಕೊಂಡು ಬಾ,” ಎಂದಳು.

ಮಿತ್ರ ಸರ್ಕಾರಗಳನ್ನು ಮರೆತೆನೆಂದು ತಿಳಿಯಬಾರದು. ನಮ್ಮ ಊರಿಗೆ ಒಂದು ನಿಯೋಗ ಬಂದಿತ್ತು. ನಮ್ಮ ಕಟ್ಟಡವನ್ನೂ ನೋಡಿತು, ಲಿಫ್ಟಿನ ಬಾಗಿಲ ಪಕ್ಕದಲ್ಲಿ ಗಂಭೀರ ಮುಖದಿಂದ ಫೋಟೋ ತೆಗೆಸಿಕೊಂಡಿತು. ಎಂಟನೇ ಮಹಡಿಯಲ್ಲಿ ಒಬ್ಬ ನಿವೃತ್ತ ನರ್ಸ್ ಇಳಿಯಲಾಗದೆ ಕುಳಿತಿದ್ದಾರೆಂದು ತಿಳಿದಾಗ ನಿಯೋಗದ ಮುಖಂಡರ ಕಣ್ಣು ಒದ್ದೆಯಾಯಿತು. ಸ್ವತಃ ಕಂಡು ಧೈರ್ಯ ಹೇಳುತ್ತೇನೆಂದು ಮೆಟ್ಟಿಲು ಹತ್ತತೊಡಗಿದರು. ಮೂರನೇ ಮಹಡಿಯಲ್ಲಿ ಮೆಟ್ಟಿಲ ಕಂಬಿ ಹಿಡಿದು ಉಸಿರು ತೆಗೆದುಕೊಂಡರು. ಅಲ್ಲಿಂದ ಮೇಲಕ್ಕೆ ನೋಡಿದರು. ಆಮೇಲೆ ತಮ್ಮ ದೇಶ ಆಕೆಯ ಬೆನ್ನಿಗೆ ನಿಂತಿದೆ ಎಂದು ಅಲ್ಲಿಂದಲೇ ಘೋಷಿಸಿ ಇಳಿದು ಹೋದರು. ಹದಿನೈದು ದಿನದ ಮೇಲೆ ಅವರ ಸರ್ಕಾರದಿಂದ ನೆರವಿನ ಪೆಟ್ಟಿಗೆ ಬಂತು. ಅದರ ತುಂಬ ಎದೆಗೆ ಚುಚ್ಚಿಕೊಳ್ಳುವ ಬಿಲ್ಲೆಗಳು. ಪ್ರತಿಯೊಂದರ ಮೇಲೂ, ಊಹಿಸಿರುತ್ತೀರಿ, ಅದೇ ವಾಕ್ಯ. ಹೊಲಿಗೆಯ ಹೆಂಗಸು ಬಿಲ್ಲೆ ಬಿಸಾಕಿ ಹಿಂದಿನ ಪಿನ್ನುಗಳನ್ನು ಮಾತ್ರ ಕಿತ್ತಿಟ್ಟುಕೊಂಡಳು, ಅವು ಬಹಳ ಚೂಪಾಗಿವೆಯಂತೆ. ಆ ದೇಶದ ರಾಜಧಾನಿಯಲ್ಲಿ ಒಂದು ಸಂಜೆ ದೊಡ್ಡ ಕಟ್ಟಡಗಳಿಗೆಲ್ಲ ನಮ್ಮ ಬಾವುಟದ ಬಣ್ಣದ ದೀಪ ಹಾಕಿದ್ದರೆಂದು ರೇಡಿಯೊದಲ್ಲಿ ಕೇಳಿದೆವು. ನಮ್ಮಲ್ಲಿ ಅಂದು ಕರೆಂಟಿರಲಿಲ್ಲ, ರೇಡಿಯೊ ಬ್ಯಾಟರಿಯದು.

ಇನ್ನೊಂದು ವಿಷಯವನ್ನು ಸಂಕೋಚದಿಂದಲೇ ಕೇಳುತ್ತೇನೆ. ನನ್ನ ಚಿಕ್ಕಮ್ಮನ ಮಗಳು ಮದುವೆಯಾಗಿ ನೆಲೆಸಿರುವುದು ಆಚೆ ದೇಶದ ರಾಜಧಾನಿಯಲ್ಲಿ. ತಾವು ನೈತಿಕ ಕಾರಣಗಳಿಂದ ಆ ದೇಶವನ್ನು ತೊರೆದಿದ್ದೇವೆಂದು ಪತ್ರಿಕೆಗಳಲ್ಲಿ ಇಡೀ ಪುಟ ಪ್ರಕಟಿಸಿದ್ದಿರಿ. ನಮ್ಮ ಕಟ್ಟಡದಲ್ಲಿ ಅದನ್ನು ಓದಿ ಕೆಲವರು ಚಪ್ಪಾಳೆಯನ್ನೂ ತಟ್ಟಿದ್ದರು. ಆಕೆ ಫೋನಿನಲ್ಲಿ ಹೇಳಿದ ಪ್ರಕಾರ ಅವರ ಹನ್ನೆರಡು ಮಹಡಿಯ ಕಟ್ಟಡದಲ್ಲಿ ಲಿಫ್ಟು ಎಂದಿನಂತೆ ಓಡುತ್ತಿದೆ. ತಮ್ಮ ಕಂಪನಿಯ ಹೆಸರಿನ ಮೇಲೆ ಒಂದು ಚೀಟಿ ಅಂಟಿಸಿ ಒಂದು ಅಕ್ಷರ ಬದಲಾಯಿಸಿದ್ದಾರೆ. ಬಾಗಿಲು ಮುಚ್ಚುವಾಗ ಅದೇ ಹೆಂಗಸಿನ ದನಿ, ‘ದಯವಿಟ್ಟು ದೂರ ನಿಲ್ಲಿ’ ಎಂದು ಅಷ್ಟೇ ಇಂಪಾಗಿ ಹೇಳುತ್ತದಂತೆ. ಒಂದಕ್ಷರದ ತಪ್ಪಿಗೆ ನಾನು ಮಾಲೀಕರಿಂದ ಬೈಸಿಕೊಂಡ ದಿನಗಳುಂಟು. ಒಂದಕ್ಷರದಿಂದ ಒಂದು ದೇಶವನ್ನೇ ತೊರೆಯಬಹುದೆಂದು ಆಗ ತಿಳಿದಿದ್ದರೆ ವಾದಿಸುತ್ತಿದ್ದೆ. ಆದ್ದರಿಂದ ನನ್ನ ವಿನಮ್ರ ಕೋರಿಕೆಯೇನೆಂದರೆ, ತಮ್ಮ ಬಹಿಷ್ಕಾರದ ಸೌಲಭ್ಯವನ್ನು ನಮಗೂ ವಿಸ್ತರಿಸಬೇಕು. ನಮ್ಮ ಕಟ್ಟಡವನ್ನೂ ನುಗ್ಗಿದವರೆಂದು ಪರಿಗಣಿಸಿ, ಪತ್ರಿಕೆಯಲ್ಲಿ ಖಂಡಿಸಿ, ನೈತಿಕ ಕಾರಣಗಳಿಂದ ತೊರೆದು, ಚೀಟಿ ಅಂಟಿಸಿ, ಲಿಫ್ಟು ಓಡಿಸಬೇಕು. ಅಗತ್ಯ ಬಿದ್ದರೆ ನಾವು ಪಕ್ಕದ ಕಟ್ಟಡದ ಸೈಕಲ್ ಷೆಡ್ಡಿಗೆ ಒಂದು ಬೆಳಿಗ್ಗೆ ನುಗ್ಗಿ ಅರ್ಹತೆ ಪಡೆಯಲು ಸಿದ್ಧರಿದ್ದೇವೆ; ಅಲ್ಲಿನ ಕಾವಲುಗಾರನ ಜೊತೆ ಮಾತಾಗಿದೆ.

ಈಗ ತಮ್ಮ ನೋಟೀಸಿನ ಮುಖ್ಯ ವಿಷಯಕ್ಕೆ ಬರುತ್ತೇನೆ. ತಮ್ಮಲ್ಲಿ ಹದಿನೇಳು ವರ್ಷ ಕೆಲಸ ಮಾಡಿ, ‘ಸೇವೆ ಸ್ಥಗಿತ’ದ ದಿನ ಎರಡು ಸಾಲಿನ ಇಮೇಲಿನಲ್ಲಿ ಮನೆಗೆ ಹೋದ ಮೆಕ್ಯಾನಿಕ್ ಒಬ್ಬನಿದ್ದಾನೆ. ಅವನು ಹುಟ್ಟಿದಾಗ ಅಕ್ಕನೇ ಬೆನ್ನು ತಟ್ಟಿದವಳು. ಲಿಫ್ಟು ನಿಂತ ನಲವತ್ತಮೂರನೇ ದಿನ ಸೈಕಲ್ಲಿನ ಹಿಂದೆ ಸಾಮಾನಿನ ಪೆಟ್ಟಿಗೆ ಕಟ್ಟಿಕೊಂಡು, ಊರಿನ ಆ ತುದಿಯಿಂದ ಬಂದ. ಚಾವಣಿಯ ಮೇಲಿನ ಯಂತ್ರದ ಕೋಣೆಗೆ ಹೋಗಿ ಒಂದು ಗಂಟೆ ಏನೇನೋ ಬಿಚ್ಚಿ ಜೋಡಿಸಿ, ಕೈ ಒರೆಸಿಕೊಳ್ಳುತ್ತ ಅಕ್ಕನ ಮುಂದೆ ಬಂದು ನಿಂತ. ತಮ್ಮ ಪ್ರಧಾನ ಕಚೇರಿಯೊಂದಿಗೆ ಮಾತಾಡುವ ಪುಟ್ಟ ಡಬ್ಬಿಯೊಂದು ಅಲ್ಲಿದೆಯಂತೆ; ಅದನ್ನು ಕಿತ್ತರೆ ಲಿಫ್ಟು ಶಾಶ್ವತವಾಗಿ ಸತ್ತಂತೆ, ಬಿಟ್ಟರೆ ಅದು ಚಾಡಿ ಹೇಳುತ್ತದೆ.

“ಒಂದ್ಸಲ ಇಳಿಸ್ತೀನಿ ಸಿಸ್ಟರ್, ಅದು ಗ್ಯಾರಂಟಿ,” ಎಂದ. “ಅಷ್ಟರಲ್ಲಿ ಅವರಿಗೆ ಗೊತ್ತಾಗುತ್ತೆ, ಮತ್ತೆ ಬೀಗ ಬೀಳುತ್ತೆ. ವಾಪಸ್ ಹತ್ತಿಸ್ತೀನಿ ಅಂತ ಮಾತ್ರ ಹೇಳಲಾರೆ.”

ಅಕ್ಕ ಅಡುಗೆಮನೆ ನೋಡಿದಳು, ಗೋಡೆಯ ಮೇಲಿನ ಭಾವನ ಫೋಟೋ ನೋಡಿದಳು, ಇಪ್ಪತ್ತಾರು ವರ್ಷದಿಂದ ತಾನೇ ಒರೆಸುತ್ತಿದ್ದ ಕಿಟಕಿಯ ಗಾಜಿಗೆ ಅಂಟಿಸಿದ ಕಾಗದದ ಪಟ್ಟಿಗಳನ್ನು ನೋಡಿದಳು. ಮನೆ ಬಿಟ್ಟು ಹೋಗುವುದೆಂದರೆ ಏನೆಂದು ಆಕೆಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕೊನೆಗೆ, “ಇಳಿದ್ರೆ ಲಿಫ್ಟಲ್ಲೇ ಅಂತ ನಾನೇ ಹೇಳಿದ್ದಲ್ವಾ. ಈಗ ಬಂದಿದೆ. ಹತ್ತಲ್ಲ ಅಂದ್ರೆ ನನ್ನ ಮಾತಿಗೂ ಆ ಕಂಪನಿ ಮಾತಿಗೂ ಏನು ವ್ಯತ್ಯಾಸ,” ಎಂದಳು. ಫೋಟೋ, ರೇಡಿಯೊ ಮತ್ತು ಒಂದು ದಿಂಬು ತೆಗೆದುಕೊಂಡಳು. ಬಾಗಿಲಿಗೆ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಕೀಲಿಯನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡಳು.

ಲಿಫ್ಟು ನಡುಗುತ್ತ ಇಳಿಯಿತು. ಪ್ರತಿ ಮಹಡಿಯಲ್ಲೂ ಜನ ಬಾಗಿಲ ಹೊರಗೆ ಬಂದು, ಒಳಗಿನ ಬೆಳಕು ದಾಟಿ ಹೋಗುವುದನ್ನು ನೋಡಿದರು. ನೆಲಮಹಡಿ ಒಂದು ಗೇಣು ಇರುವಾಗ ಪರದೆಯ ಮೇಲೆ ತಮ್ಮ ಪ್ರಸಿದ್ಧ ಸಾಲು ಬೆಳಗಿತು, ಲಿಫ್ಟು ಮತ್ತೆ ನಮ್ಮೊಂದಿಗೆ ನಿಂತಿತು. ಅರ್ಧ ತೆರೆದ ಬಾಗಿಲಿನಿಂದ ಕುರ್ಚಿಯನ್ನು ಎಳೆಯುತ್ತಿರುವಾಗಲೇ ನನ್ನ ಫೋನಿಗೆ ತಮ್ಮ ಎಚ್ಚರಿಕೆ ಬಂತು. ಅದರ ವಿವರವಾದ ರೂಪವೇ ಮಂಗಳವಾರದ ನೋಟೀಸು. ಅದರ ಮೊದಲ ವಾಕ್ಯ ನನಗೆ ಬಾಯಿಪಾಠವಾಗಿದೆ: ‘ತಾವು ಇಂಥ ದಿನ ಬೆಳಿಗ್ಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ನಮ್ಮ ಕಂಪನಿಯ ಯಂತ್ರವನ್ನು ಉದ್ದೇಶಪೂರ್ವಕವಾಗಿ ಅತಿಕ್ರಮಿಸಿದ್ದೀರಿ.’ ಮಾನ್ಯರೇ, ಎಂಥ ವಾಕ್ಯ! ಕರ್ತೃ ಇದೆ, ಕರ್ಮ ಇದೆ, ಕ್ರಿಯಾಪದ ಇದೆ, ದಿನ ಇದೆ, ಗಂಟೆ ನಿಮಿಷ ಇದೆ, ಉದ್ದೇಶವೂ ಇದೆ. ಒಂದು ಸೈನ್ಯ ಸೇತುವೆ ದಾಟಿದಾಗ ತಮ್ಮ ಕಪಾಟಿನಲ್ಲಿ ಎಷ್ಟು ಹುಡುಕಿದರೂ ಸಿಗದ ಪದ, ಒಬ್ಬ ಮುದುಕಿ ಕೆಳಗಿಳಿದಾಗ ಥಟ್ಟನೆ ಕೈಗೆ ಸಿಕ್ಕಿದೆ. ಅಂಚಿನಲ್ಲಿ ‘ತಿದ್ದುಪಡಿ ಬೇಡ’ ಎಂದು ಬರೆದು ಸಹಿ ಹಾಕಿದ್ದೇನೆ. ಇದೇ ವಾಕ್ಯವನ್ನು ಕರ್ತೃ, ಕರ್ಮ ಮಾತ್ರ ಬದಲಿಸಿ ತಮ್ಮ ಮೊದಲ ಹೇಳಿಕೆಯ ಜಾಗದಲ್ಲಿ ಅಚ್ಚು ಹಾಕಿಸಿದರೆ ನಾನು ಜೀವಮಾನದಲ್ಲಿ ಮತ್ತೇನನ್ನೂ ತಿದ್ದುವುದಿಲ್ಲ.

ಲಿಖಿತ ಕ್ಷಮಾಪಣೆ ಕೊಟ್ಟು, ಹದಿನೈದು ದಿನದೊಳಗೆ ಲಿಫ್ಟನ್ನು ‘ಮೊದಲಿದ್ದ ಸ್ಥಿತಿಗೆ’, ಎಂದರೆ ನಾಲ್ಕು ಮತ್ತು ಐದನೇ ಮಹಡಿಗಳ ನಡುವಿನ ತ್ರಿಶಂಕು ಸ್ಥಿತಿಗೆ, ಮರಳಿಸಬೇಕೆಂದು ತಾವು ಆದೇಶಿಸಿದ್ದೀರಿ. ಇದರಲ್ಲಿ ಒಂದು ತೊಡಕಿದೆ. ಅಕ್ಕ ಇಳಿದ ಮೂರನೇ ದಿನ, ಬೆಳಿಗ್ಗೆ ಹತ್ತರ ಶೆಲ್ ನಮ್ಮ ಕಟ್ಟಡದ ಎಂಟನೇ ಮಹಡಿಗೆ ಬಿತ್ತು. ಎದುರಿನ ನನ್ನ ಮನೆಯಲ್ಲಿ ಕಿಟಕಿಯ ಗಾಜುಗಳಷ್ಟೇ ಹೋದವು. ಅಕ್ಕನ ಅಡುಗೆಮನೆ ಇಲ್ಲ, ಬಚ್ಚಲುಮನೆ ಇಲ್ಲ, ಬಚ್ಚಲುಮನೆಯ ಬಾಗಿಲಲ್ಲಿ ಆಕೆ ಒಂದು ತಿಂಗಳಿಗೂ ಹೆಚ್ಚು ಕಾಲ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಜಾಗದಲ್ಲಿ ನಿಂತರೆ ಈಗ ನದಿ ಕಾಣುತ್ತದೆ. ಮುಂಬಾಗಿಲು ಮಾತ್ರ, ಹಿಂದೆ ಗೋಡೆಯಿಲ್ಲದಿದ್ದರೂ, ಬೀಗ ಸಮೇತ ನೆಟ್ಟಗೆ ನಿಂತಿದೆ. ಹೊಲಿಗೆಯ ಹೆಂಗಸು ಅಂಗಡಿಯ ಗಾಜಿಗೆ ಮರಳುಚೀಲ ಒಟ್ಟಿಸಿ, ಬಟ್ಟೆ ಹಾಕಿ ನೋಡುವ ಕೋಣೆಯಲ್ಲಿ ಅಕ್ಕನಿಗೆ ಮಂಚ ಹಾಕಿಕೊಟ್ಟಿದ್ದಾಳೆ. ಹಿತ್ತಿಲ ಪಾಯಿಖಾನೆಯವರೆಗೆ ಗಾಲಿಕುರ್ಚಿ ಹೋಗಲು ಬಸ್ ಚಾಲಕ ಹಲಗೆ ಹಾಸಿದ್ದಾನೆ. ಆ ಬಾಗಿಲ ಕೀಲಿ ಇನ್ನೂ ಸ್ವೆಟರಿನ ಜೇಬಿನಲ್ಲೇ ಇದೆ. ಅದರ ಬಗ್ಗೆ ನಾವ್ಯಾರೂ ಮಾತಾಡುವುದಿಲ್ಲ.

ಆದ್ದರಿಂದ ಕ್ಷಮಾಪಣೆಯನ್ನು ಕೇಳಿದಷ್ಟು ಪ್ರತಿಗಳಲ್ಲಿ ಕೊಡಲು ಸಿದ್ಧನಿದ್ದೇನೆ. ಆದರೆ ಎಲ್ಲವನ್ನೂ ಮೊದಲಿದ್ದ ಸ್ಥಿತಿಗೆ ಮರಳಿಸುವ ಕೆಲಸ ನಮ್ಮ ಕೈಮೀರಿದ್ದು. ತಮ್ಮ ಅಧಿಕಾರಿಗಳೇ ದಯಮಾಡಿಸಿ, ಲಿಫ್ಟಿನಿಂದ ಶುರುಮಾಡಿ, ಒಂದೊಂದಾಗಿ ಮರಳಿಸಿಕೊಡಬೇಕು. ಸೇತುವೆಯನ್ನೂ, ನದಿದಂಡೆಯ ಬೀದಿಯನ್ನೂ, ಅಕ್ಕನ ಅಡುಗೆಮನೆಯನ್ನೂ ಪಟ್ಟಿಗೆ ಸೇರಿಸಿಕೊಳ್ಳಬೇಕು. ಅವರಿಗೆ ಎಂಟನೇ ಮಹಡಿಯಲ್ಲೇ ಜಾಗ ಕಾದಿರಿಸಿದ್ದೇವೆ. ಗಾಳಿ ಬೆಳಕು ಈಗ ಧಾರಾಳ. ಮೆಟ್ಟಿಲು ನೂರ ನಲವತ್ತನಾಲ್ಕು.

ತಮ್ಮ ಕೃಪೆಯನ್ನು ಎದುರುನೋಡುತ್ತ, ಹೊಲಿಗೆ ಅಂಗಡಿಯ ಇಸ್ತ್ರಿ ಮೇಜಿನ ಮೇಲೆ, ಹತ್ತರ ಸೈರನ್ನಿಗೂ ನಾಲ್ಕರ ಸೈರನ್ನಿಗೂ ನಡುವೆ ಬರೆದು ಮುಗಿಸಿದ,

ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ನಿವಾಸಿಗಳ ಸಂಘ
(ಅನಧಿಕೃತ ಭಾರದ ತಮ್ಮ)

ಮರೆತ ಮಾತು: ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ಉದ್ದವಾಯಿತು ಎಂದಳು, ಇಷ್ಟೆಲ್ಲ ಏಕೆ, ತಾನು ಹೇಳಿದ್ದನ್ನು ಒಂದಕ್ಷರವೂ ತಿದ್ದದೆ ಕೆಳಗೆ ಬರೆ ಎಂದಳು. ನನ್ನ ಅಕ್ಕ ಒಬ್ಬ ವ್ಯಕ್ತಿಯನ್ನು ಬಹುವಚನದಲ್ಲಿ ಮಾತಾಡಿಸಿದ್ದನ್ನು ನಾನು ಕೇಳಿಲ್ಲವಾದ್ದರಿಂದ, ಇಲ್ಲಿರುವ ಬಹುವಚನವನ್ನು ತಾವು ಗೌರವವೆಂದು ತಿಳಿಯಬಾರದು. ನಿಂತವರು ಬಹಳ ಮಂದಿ ಎಂಬ ಕಾರಣಕ್ಕೆ ಬಂದದ್ದು. ಪ್ರತಿ ಪಡೆಯುವ ಸರ್ಕಾರಗಳೂ ಇದನ್ನು ತಮಗೇ ಹೇಳಿದ್ದೆಂದು ಭಾವಿಸಬಹುದು:

“ಇಷ್ಟು ದಿನದಿಂದ ನಮ್ಮ ಜೊತೆ ನಿಂತೇ ಇದೀರಲ್ಲ, ಪಾಪ, ಕಾಲು ನೋಯ್ತಿರಬೇಕು. ಸ್ವಲ್ಪ ಕೂತ್ಕೊಳ್ಳಿ. ಲಿಫ್ಟು ಓಡಾಡ್ಲಿ.”